ಬೋರ್ಡು ಬೇಕರೀದು

ಮೈಸೂರಿನಿಂದ ಮಾನಂದವಾಡಿ ರಸ್ತೆಯಲ್ಲಿ ಬಂದರೆ ಎಚ್.ಡಿ. ಕೋಟೆಗೆ ಸ್ವಲ್ಪ ಮೊದಲು ಹ್ಯಾಂಡ್‌ಪೋಸ್ಟ್ ಸಿಗುತ್ತದೆ. ಕೋಟೆಗೆ ಹೋಗುವವರು, ಸರಗೂರಿಗೆ ಹೋಗುವವರು ಇಲ್ಲಿ ಬೇರೆಯಾಗುತ್ತಾರೆ. ದಾರಿ ತೋರಿಸುವ ಕಂಬವನ್ನು ಮಲೆನಾಡಿನವರು ಕೈಮರ ಎಂದು ಕರೆದು ಊರಿಗೂ ಅದೇ ಹೆಸರಿಟ್ಟರು. ನಾವು ಇಂಗ್ಲಿಷನ್ನೇ ಉಳಿಸಿಕೊಂಡೆವು. (ಮೂಡಿಗೆರೆಯವರೂ ಒಂದು ಹ್ಯಾಂಡ್‌ಪೋಸ್ಟ್ ಇಟ್ಟುಕೊಂಡಿದ್ದಾರೆ, ಅದು ಬೇರೆ ಮಾತು.) ಸ್ಥಳನಾಮಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಇದು ಅರ್ಧ ಅಧ್ಯಾಯಕ್ಕಾಗುವ ಸರಕು. ಆದರೆ ಇಂಥ ಸರ್ಕಲ್ಲುಗಳಲ್ಲಿ ಬಸ್ಸಿಗೆ ಕಾಯುವಾಗ ನನ್ನ ಕಣ್ಣು ಕೈಮರವನ್ನಲ್ಲ, ಅಯ್ಯಂಗಾರ್ ಬೇಕರಿಯ ಬೋರ್ಡನ್ನು ಹುಡುಕುತ್ತದೆ.

ಗಂಗೋತ್ರಿಯ ಗೆಳತಿಯರು ಮಾಲ್‌ಗೆ ಹೋಗಿ ಬರ್ಗರ್ ತಿಂದು ಬಂದು ಅದರ ಗುಣಗಾನ ಮಾಡುತ್ತಾರೆ. ಯಾವ ಊರಲ್ಲಿ ತಿಂದರೂ ಒಂದೇ ರುಚಿಯಂತೆ. ಮೆಕ್‌ಡೊನಾಲ್ಡ್ಸ್ ಭಾರತಕ್ಕೆ ಬಂದದ್ದು 1996ರಲ್ಲಿ. ಒಂದೇ ರುಚಿ ಕೊಡಲು ಅದಕ್ಕೆ ಕೈಪಿಡಿ ಬೇಕು, ತರಬೇತಿ ಬೇಕು, ಎಲ್ಲೋ ಕೂತು ಲೆಕ್ಕ ಕೇಳುವ ಕಂಪನಿ ಬೇಕು. ನಮ್ಮ ಅಯ್ಯಂಗಾರ್ ಬೇಕರಿಗೆ ಇದ್ಯಾವುದೂ ಇಲ್ಲ. ಹೆಡ್ಡಾಫೀಸಿಲ್ಲ, ಒಡೆಯನಿಲ್ಲ, ಒಂದು ಅಂಗಡಿಗೂ ಇನ್ನೊಂದಕ್ಕೂ ಕಾಗದದ ಸಂಬಂಧವಿಲ್ಲ. ಆದರೂ ಹುಣಸೂರಲ್ಲಿ ಇಳಿಯಿರಿ, ಪಿರಿಯಾಪಟ್ಟಣದಲ್ಲಿ ಇಳಿಯಿರಿ, ಕೆ.ಆರ್. ನಗರದಲ್ಲಿ ಇಳಿಯಿರಿ: ಗಾಜಿನ ಪೆಟ್ಟಿಗೆಯೊಳಗೆ ಅದೇ ಖಾರ ಬನ್ನು, ಅದೇ ಬೆಣ್ಣೆ ಬಿಸ್ಕತ್ತು, ಕಾಲು ಭಾಗ ಕತ್ತರಿಸಿಟ್ಟ ಅದೇ ದಿಲ್‌ಪಸಂದ್, ಮೇಲೆ ಕೆಂಪು ಜಾಮು ಸವರಿ ಕೊಬ್ಬರಿ ಉದುರಿಸಿದ ಅದೇ ಹನಿ ಕೇಕ್. ಈ ಹನಿ ಕೇಕಿನಲ್ಲಿ ಬಹಳ ಕಡೆ ಇರುವುದು ಸಕ್ಕರೆ ಪಾಕವೇ. ಜೇನು ಕುರುಬರ ತಾಲ್ಲೂಕಿನವಳಾದ ನನಗೆ ಈ ವಿಷಯದಲ್ಲಿ ತಕರಾರಿದೆ. ಆದರೂ ತಿನ್ನುತ್ತೇನೆ.

ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದರು. ವಿ.ವಿ. ಪುರಂನ ವಿ.ಬಿ. ಬೇಕರಿ 1953ರದು. ಊರಿನಿಂದ ಬಂದ ಹುಡುಗ ನೆಂಟರ ಬೇಕರಿಯಲ್ಲಿ ಹಿಟ್ಟು ನಾದುವುದು ಕಲಿತ, ಟ್ರೇ ತೊಳೆದ, ಗಲ್ಲಾದ ಮುಂದೆ ನಿಂತ, ಆಮೇಲೆ ಬೇರೆ ಊರಲ್ಲಿ ತನ್ನದೇ ಬಾಗಿಲು ತೆರೆದ. ಅವನ ಹತ್ತಿರ ಕಲಿತವನು ಮತ್ತೊಂದು ತೆರೆದ. ರುಚಿ ಹರಡಿದ್ದು ಕೈಯಿಂದ ಕೈಗೆ. ಜಾನಪದ ಪತ್ರಿಕೆಯ ಪರೀಕ್ಷೆಯಲ್ಲಿ ಮೌಖಿಕ ಪರಂಪರೆಗೆ ಉದಾಹರಣೆ ಕೇಳಿದಾಗ ನಾನು ಲಾವಣಿ ಎಂದು ಬರೆದಿದ್ದೆ. ಖಾರ ಬನ್ನು ಎಂದು ಬರೆದಿದ್ದರೂ ತಪ್ಪಾಗುತ್ತಿರಲಿಲ್ಲ.

ಬರ್ಗರ್ ಬೇಕೇ ಬೇಕೆಂದರೆ ಅದೂ ಇದೆ. ಸಿಹಿ ಬನ್ನನ್ನು ಅಡ್ಡ ಸೀಳಿ, ನಡುವೆ ನಿಪ್ಪಟ್ಟು ಇಟ್ಟು, ಈರುಳ್ಳಿ, ಟೊಮೆಟೊ, ಚಟ್ನಿ ಹಾಕಿ ಅದುಮಿದರೆ ಬನ್ ನಿಪ್ಪಟ್ಟು. ಬೆಣ್ಣೆ ಸವರಿ ಖಾರದ ಕಡಲೆಬೀಜ ತುಂಬಿದರೆ ಬನ್ ಬೆಣ್ಣೆ ಕಾಂಗ್ರೆಸ್. ಈ ಬೀಜಕ್ಕೆ ಆ ಹೆಸರು ಬಂದದ್ದಕ್ಕೆ ಒಂದು ಕತೆ ಹೇಳುತ್ತಾರೆ: 1969ರಲ್ಲಿ ಕಾಂಗ್ರೆಸ್ ಎರಡು ಹೋಳಾಯಿತು, ಬೀಜವೂ ಎರಡು ಹೋಳು, ಹಾಗಾಗಿ. ಆ ವರ್ಷ ಜುಲೈನಲ್ಲಿ ಪಕ್ಷದ ಜಗಳ ಕಾವೇರಿದ್ದು ಲಾಲ್‌ಬಾಗಿನ ಗಾಜಿನ ಮನೆಯ ಅಧಿವೇಶನದಲ್ಲಿ, ಆದ್ದರಿಂದ ಬೆಂಗಳೂರಿನ ಬೇಕರಿಯವರಿಗೆ ಸುದ್ದಿ ಬಿಸಿಬಿಸಿಯಾಗಿಯೇ ಸಿಕ್ಕಿರಬೇಕು. ಕತೆ ತೀರಾ ಚೆನ್ನಾಗಿರುವುದರಿಂದಲೇ ನನಗೆ ಅನುಮಾನ. ಹೊಲದಲ್ಲಿ ಕಿತ್ತಷ್ಟೂ ಹುಟ್ಟುವ ಪಾರ್ಥೇನಿಯಮ್ಮಿಗೂ ನಾವು ಕಾಂಗ್ರೆಸ್ ಗಿಡ ಎಂದೇ ಅನ್ನುತ್ತೇವೆ.

ಇನ್ನು ಬೋರ್ಡಿನ ವಿಚಾರ. ಅಯ್ಯಂಗಾರ್, ಅಯ್ಯಂಗಾರ, ಐಯಂಗಾರ್ ಎಂದು ಮೂರು ಕಾಗುಣಿತ ನೋಡಿದ್ದೇನೆ. ಅದೇ ಬೋರ್ಡಿನ ಕೆಳಗೆ ಎಗ್ ಪಫ್ಸ್ ಮಾರುವುದನ್ನೂ ನೋಡಿದ್ದೇನೆ, ಎರಡು ತಿಂದಿದ್ದೇನೆ ಕೂಡ. ಒಮ್ಮೆ ಒಂದು ಬೇಕರಿಯ ಮಾಲೀಕರನ್ನು ಕೇಳಿಯೇಬಿಟ್ಟೆ.

"ಅಣ್ಣಾ, ನೀವು ಅಯ್ಯಂಗಾರ್ರಾ?"

"ಇಲ್ಲ ಕಣಮ್ಮ, ನಾವ್ ಗೌಡ್ರು. ಚನ್ನರಾಯಪಟ್ಟಣದ ಕಡೆ."

"ಮತ್ತೆ ಬೋರ್ಡು?"

"ಬೋರ್ಡು ಬೇಕರೀದು."

ಇದಕ್ಕಿಂತ ಚೊಕ್ಕವಾದ ವಿವರಣೆಯನ್ನು ನಾಮವಿಜ್ಞಾನದ ಯಾವ ಪುಸ್ತಕದಲ್ಲೂ ನಾನು ಓದಿಲ್ಲ. ಜಾತಿಯ ಹೆಸರೊಂದು ಜಾತಿಯಿಂದ ಕಳಚಿಕೊಂಡು ಬನ್ನಿನ ಹೆಸರಾಗಿದೆ. ಪೂರ್ತಿ ಕಳಚಿಕೊಂಡಿಲ್ಲ ಎಂಬುದೂ ಗೊತ್ತು. ಶುಚಿ ಎಂದರೆ ಆ ಹೆಸರೇ ಆಗಬೇಕು ಎಂಬ ನಂಬಿಕೆ ಇಲ್ಲದಿದ್ದರೆ ಗೌಡರು ಆ ಬೋರ್ಡು ಹಾಕುತ್ತಿರಲಿಲ್ಲ. ನಮ್ಮ ಕೇರಿಯ ಹೆಸರಿಟ್ಟು ಯಾರಾದರೂ ಬೇಕರಿ ತೆರೆದಾರೆಯೇ ಎಂದು ಕೇಳಿಕೊಂಡರೆ ನನ್ನ ಅಭಿಮಾನ ಸ್ವಲ್ಪ ತಣ್ಣಗಾಗುತ್ತದೆ.

ಆದರೆ ನನಗಿಂತ ದೊಡ್ಡ ಅಭಿಮಾನಿ ನಮ್ಮಜ್ಜಿ. ಅವಳ ಕಾಲದಲ್ಲಿ ಬ್ರೆಡ್ಡು ಎಂದರೆ ಜ್ವರ ಬಂದವರ ಊಟ. ಆಸ್ಪತ್ರೆಗೆ ನೋಡಲು ಹೋಗುವವರ ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ ಇರಲೇಬೇಕು. ವಾಸಿಯಾದ ಮೇಲೂ ಅವಳು ಬೇಕರಿ ಬಿಡಲಿಲ್ಲ. ಕಾರಣ ಕೇಳಿದರೆ ರುಚಿಯ ಮಾತೇ ಆಡಲಿಲ್ಲ.

"ಹೋಟ್ಲಲ್ಲಿ ನಮ್ಗೆ ಲೋಟ ಬ್ಯಾರೆ ಮಡಗೋರು ಕೂಸೆ, ನಾವೇ ತೊಳುದು ಮಡಗ್ಬೇಕಿತ್ತು. ಬೇಕರೀಲಿ ಎಲ್ರುಗೂ ಪೇಪರ್ರೇ."

ಬೀದಿಗೆ ತೆರೆದ ಕಟ್ಟೆ, ಒಳಗೆ ಬರುವ ಮಾತಿಲ್ಲ, ಕೂರುವ ಬೆಂಚಿಲ್ಲ. ಸಾಹುಕಾರರೂ ನಿಂತೇ ತಿನ್ನಬೇಕು. ಹಳೆಯ ಪತ್ರಿಕೆಯ ತುಂಡಿನಲ್ಲಿ ಬನ್ನು ಕೈಗೆ ಬರುತ್ತದೆ, ತಿಂದು ಮುದುರಿ ಬಿಸಾಡಿದರೆ ಯಾರು ಯಾವುದರಲ್ಲಿ ತಿಂದರು ಎಂಬ ಲೆಕ್ಕ ಉಳಿಯುವುದಿಲ್ಲ. ಯಾರೂ ಸಮಾನತೆಗೆಂದು ಹಾಗೆ ಮಾಡಿದ್ದಲ್ಲ, ಪೇಪರು ಅಗ್ಗವಿತ್ತು ಅಷ್ಟೆ. ಅಜ್ಜಿಗೆ ಅಷ್ಟೇ ಸಾಕಾಗಿತ್ತು.

ಅಚ್ಚಿನ ಮಸಿ ಒಳ್ಳೆಯದಲ್ಲವೆಂದು ಈಗ ತಿಂಡಿಯನ್ನು ಸುದ್ದಿಪತ್ರಿಕೆಯಲ್ಲಿ ಕೊಡುವಂತಿಲ್ಲ. 2018ರ ಆಹಾರ ಸುರಕ್ಷತಾ ನಿಯಮವೇ ಅದನ್ನು ನಿಷೇಧಿಸಿದೆ. ಸರಿಯಾದ ನಿಯಮ. ಕೆಲವು ಬೇಕರಿಗಳಲ್ಲಿ ಸ್ಟೀಲ್ ತಟ್ಟೆ ಬಂದಿದೆ. ಕಳೆದ ಸಲ ಅಜ್ಜಿಯನ್ನು ಕರೆದುಕೊಂಡು ಹೋದಾಗ ಹುಡುಗ ತಟ್ಟೆಯಲ್ಲಿ ಬ್ರೆಡ್ ಟೋಸ್ಟ್ ಇಟ್ಟುಕೊಟ್ಟ. ಅಜ್ಜಿ ತಟ್ಟೆಯನ್ನು ತಿರುಗಿಸಿ ನೋಡಿದಳು. ತಿಂದಾದ ಮೇಲೆ ನಲ್ಲಿ ಎಲ್ಲಿದೆ ಎಂದು ಹುಡುಕತೊಡಗಿದಳು. ಹುಡುಗ "ಬುಡಜ್ಜಿ, ಕೊಡಿಲ್ಲಿ" ಎಂದು ಕೈಯಿಂದ ಇಸಿದುಕೊಂಡು ಉಳಿದ ತಟ್ಟೆಗಳ ಮೇಲೆ ಹಾಕಿದ. ಬಸ್ಸಲ್ಲಿ ಕೂತ ಮೇಲೆ ಅಜ್ಜಿ, "ಆ ಬೇಕ್ರಿ ಚೆಂದಾಗದೆ" ಎಂದಳು. ಟೋಸ್ಟಿನಲ್ಲಿ ಉಪ್ಪು ಹೆಚ್ಚಾಗಿತ್ತು, ನಾನು ಹೇಳಲಿಲ್ಲ.

ನೀವು ಈ ಕಡೆ ಬಂದರೆ ಖಾರ ಬನ್ನನ್ನು ಬೆಳಿಗ್ಗೆ ಕೊಳ್ಳಬೇಡಿ, ಅದು ಹಿಂದಿನ ದಿನದ್ದಿರಬಹುದು. ಒಳಗಿನಿಂದ ಬಿಸಿ ಟ್ರೇ ಬರುವವರೆಗೆ ಕಾಯಿರಿ. ಸರಗೂರು ಬಸ್ಸು ಹೋದರೆ ಇನ್ನೊಂದು ಬರುತ್ತದೆ.