ನಾಲ್ಕು ಸೀಸೆಗಳ ರುಚಿ

ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಬಿಯರನ್ನು ಕುರಿತು ಬರೆಯಬಹುದೆ? ಬರೆಯಬಾರದೆಂದೇ ನಾವೂ ಬಹಳ ದಿನ ಭಾವಿಸಿದ್ದೆವು. ನಮ್ಮ ತರಗತಿಯ ಗೋಡೆಯ ಮೇಲೆ ಕುಡಿತದ ಕೇಡನ್ನು ಸಾರುವ ಚಿತ್ರಪಟವೊಂದು ತೂಗುತ್ತಿದೆ. ಅದನ್ನು ಮೊಳೆ ಹೊಡೆದು ಅಲ್ಲಿಗೆ ಏರಿಸಿದವರೂ ನಾವೇ. ಸಂಘದ ಪತ್ರಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ, ವಯನಾಡಿನ ಮಳೆಯನ್ನೋ ಪಳಶ್ಶಿ ರಾಜನ ಸಮಾಧಿಯನ್ನೋ ಕುರಿತು ಒಂದೆರಡು ಪುಟ ಬರೆದು ಕೈತೊಳೆದುಕೊಳ್ಳೋಣವೆಂದು ಮೊದಲು ಯೋಚಿಸಿದೆವು. ಆದರೆ ಲೇಖನಿ ಹಿಡಿದಾಗಲೆಲ್ಲ ಮನಸ್ಸು ಕಳೆದ ಓಣಂ ರಜೆಯ ಒಂದು ಸಂಜೆಗೇ ಹೋಗಿ ನಿಲ್ಲುತ್ತಿತ್ತು. ಓದುಗರು ಪೂರ್ತಿಯಾಗಿ ಕೇಳಿ, ಆಮೇಲೆ ತೀರ್ಪು ಕೊಡಬೇಕೆಂದು ಬೇಡಿಕೊಳ್ಳುತ್ತೇವೆ.

ನಮ್ಮ ಮನೆ ಮಾನಂದವಾಡಿ ಪೇಟೆಯಿಂದ ತುಸು ದೂರದಲ್ಲಿದೆ. ಹಿರಿಯರು ಹೆಗ್ಗಡದೇವನಕೋಟೆಯ ಕಡೆಯವರು. ಕಾಫಿ ತೋಟದ ಕೆಲಸಕ್ಕೆಂದು ಬಾವಲಿಯ ಕಾಡುದಾರಿ ಹಿಡಿದು ಬಂದವರು ಇಲ್ಲಿಯೇ ನಿಂತುಬಿಟ್ಟರು. ಹೊಸ್ತಿಲಿನ ಒಳಗೆ ಕನ್ನಡ, ಹೊರಗೆ ಮಲಯಾಳ. ಇದು ನಮ್ಮ ಮನೆಯ ರೀತಿ. ನೆರೆಮನೆಯ ಗೆಳತಿಯೊಬ್ಬಳು ಚಿಕ್ಕಂದಿನಿಂದ ನಮ್ಮ ಅಂಗಳದಲ್ಲಿ ಆಡಿ ಬೆಳೆದವಳಾದ್ದರಿಂದ ಅವಳಿಗೆ ನಮ್ಮ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ಇಬ್ಬರೂ ಹತ್ತನೆಯ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕುಳಿತು ಓದಿದೆವು. ಮುಂದೆ ನಾವು ಟಿ.ಟಿ.ಸಿ. ಮುಗಿಸಿ ಮಕ್ಕಳಿಗೆ ಅಕ್ಷರ ತಿದ್ದಿಸಲು ತೊಡಗಿದೆವು. ಅವಳು ನರ್ಸಿಂಗ್ ಓದಿ, ಜರ್ಮನ್ ಭಾಷೆ ಕಲಿತು, ಬವೇರಿಯಾ ಪ್ರಾಂತದ ರಾಜಧಾನಿಯಾದ ಮ್ಯೂನಿಕ್ ನಗರದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದಳು.

ಈ ಸಲ ರಜೆಗೆ ಬಂದವಳು ಪೆಟ್ಟಿಗೆಯೊಳಗಿನ ಉಣ್ಣೆಯ ಬಟ್ಟೆಗಳ ನಡುವಿನಿಂದ ನಾಲ್ಕು ಸೀಸೆಗಳನ್ನು ಹೊರತೆಗೆದಳು. ಹೊರದೇಶದಿಂದ ಬರುವವರು ಸುಂಕವಿಲ್ಲದೆ ಎರಡು ಲೀಟರು ಮದ್ಯವನ್ನು ತರಬಹುದೆಂಬುದು ನಿಯಮ. ಒಂದೊಂದರಲ್ಲೂ ಅರ್ಧ ಲೀಟರು. ಲೆಕ್ಕ ಸರಿಯಾಗಿತ್ತು. ನಾಲ್ಕೂ ಬವೇರಿಯಾದವೇ, ನಾಲ್ಕೂ ಬೇರೆ ಬೇರೆ ಬಗೆಯವು.

"ಟೀಚರೇ, ಇದು ನಿಮಗೆ," ಎಂದಳು.

ನಾವು ಕೈ ಹಿಂದೆಳೆದುಕೊಂಡೆವು. ಕಾರಣವನ್ನು ಅವಳಿಗೆ ಹೇಳಬೇಕಾಗಿರಲಿಲ್ಲ, ಓದುಗರಿಗೆ ಹೇಳಬೇಕು. 1996ನೆಯ ಇಸವಿ ಏಪ್ರಿಲ್ 1ರಂದು ಕೇರಳದಲ್ಲಿ ಸಾರಾಯಿ ನಿಷೇಧವಾಯಿತು. ಊರಿನ ಹೆಂಗಸರು ಅಂದು ದೀಪ ಹಚ್ಚಿದರೆಂದು ನಮ್ಮವ್ವ ಹೇಳುವುದುಂಟು. ಆದರೆ ಗಡಿಯ ಆಚೆ, ಕರ್ನಾಟಕದಲ್ಲಿ, ಪ್ಯಾಕೆಟ್ ಸಾರಾಯಿ ಆಗಲೂ ದೊರೆಯುತ್ತಿತ್ತು. ನಮ್ಮ ಅಪ್ಪ ವಾರದ ಕೂಲಿ ಕೈಗೆ ಬಂದ ಸಂಜೆ ಬಾವಲಿಯತ್ತ ಹೊರಡುವ ಜೀಪು ಹತ್ತುತ್ತಿದ್ದರು. ಮರುದಿನ ಮರಳಿ ಬಂದರೆ ಅದು ಪುಣ್ಯ. ಬಂದ ಮೇಲೆ ಮನೆಯಲ್ಲಿ ನಡೆಯುತ್ತಿದ್ದುದನ್ನು ಇಲ್ಲಿ ಬರೆಯುವುದಿಲ್ಲ. ಕರ್ನಾಟಕದಲ್ಲಿಯೂ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದನ್ನು ನೋಡಲು ಅಪ್ಪ ಇರಲಿಲ್ಲ. ಎರಡು ವರ್ಷ ಮುಂಚೆಯೇ, ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ ತೀರಿಕೊಂಡಿದ್ದರು. ನಾವು ಆ ವರ್ಷ ಹತ್ತನೆಯ ತರಗತಿಯಲ್ಲಿದ್ದೆವು. ಮದ್ಯದ ಹನಿಯನ್ನೂ ನಾಲಿಗೆಗೆ ಸೋಕಿಸುವುದಿಲ್ಲವೆಂದು ಅಂದು ಮಾಡಿದ ಶಪಥವನ್ನು ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದೆವು.

ಗೆಳತಿ ಒತ್ತಾಯಿಸಲಿಲ್ಲ. "ಕುಡಿಯಲಿಕ್ಕೆಂದು ತರಲಿಲ್ಲ, ರುಚಿ ನೋಡಲಿಕ್ಕೆಂದು ತಂದೆ. ಬೇಡವಾದರೆ ಬೇಡ," ಎಂದು ಸೀಸೆಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದಳು. ಅಷ್ಟರಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವ ತಲೆಯೆತ್ತದೆಯೇ ಮಾತನಾಡಿದಳು:

"ನೋಡಿ ಮಗಾ. ನಾನೂ ಮೂಸಿ ನೋಡ್ತೀನಿ. ಹತ್ತಿಪ್ಪತ್ತು ವರ್ಷ ಈ ಮನೇಲಿತ್ತು ಆ ಕುಡ್ತ. ಅದ್ರಲ್ಲಿ ಏನು ರುಚಿ ಅಂತ ನಂಗೊಂದಿನ ಗೊತ್ತಾಗ್ನಿಲ್ಲ."

ಅವ್ವನ ಈ ಮಾತಿಗೆ ಎದುರಾಡುವ ಶಕ್ತಿ ನಮಗಿರಲಿಲ್ಲ.

ಪಾಠ ಹೇಳುವವರ ಚಾಳಿ ಎಲ್ಲಿಗೆ ಹೋದರೂ ಬಿಡದು. ಎರಡನೆಯ ತರಗತಿಯ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ, ಉಪ್ಪು, ಬೆಲ್ಲ, ಹುಣಿಸೆ, ಹಾಗಲಗಳ ರುಚಿಯನ್ನು ಹೇಳಿಸುವುದು ನಮ್ಮ ಪಾಠಕ್ರಮ. ಒಂದು ರುಚಿಗೂ ಮತ್ತೊಂದಕ್ಕೂ ನಡುವೆ ಮಗುವಿಗೆ ನೀರು ಕುಡಿಸಬೇಕು, ಅವಸರ ಮಾಡಿಸಬಾರದು. ಅದೇ ಕ್ರಮದಲ್ಲಿ ಜಗಲಿಯ ಮೇಲೆ ಸ್ಟೀಲಿನ ಲೋಟಗಳನ್ನು ಸಾಲಾಗಿ ಇಟ್ಟು, ಪಕ್ಕದಲ್ಲಿ ಒಂದು ಚೆಂಬು ನೀರಿಟ್ಟುಕೊಂಡೆವು. ಲೋಟಕ್ಕೆ ಎರಡು ಬೆರಳಿಗಿಂತ ಹೆಚ್ಚು ಸುರಿಯಕೂಡದೆಂದು ನಿಶ್ಚಯವಾಯಿತು.

ಮೊದಲನೆಯದರ ಹೆಸರು ಹೆಲ್ಲೆಸ್. ತಿಳಿಯಾದುದು ಎಂದು ಅದರ ಅರ್ಥವಂತೆ. ಒಣಹುಲ್ಲಿನ ಬಣ್ಣ, ಮೇಲೆ ಬಿಳಿಯ ನೊರೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ಎಳೆಮಕ್ಕಳಿಗೆಂದು ನಮ್ಮವರು ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡುವುದಿಲ್ಲವೆ, ಅದೇ ಕ್ರಮ. ಅದಕ್ಕೆ ಹಾಪ್ ಎಂಬ ಬಳ್ಳಿಯ ಹೂವಿನ ಕಹಿ ಸೇರುತ್ತದೆ. ಗುಟುಕು ಬಾಯಿಗೆ ಬಿದ್ದೊಡನೆ ಕಹಿ. ನುಂಗಿದ ಮೇಲೆ ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಉಳಿಯುವಂಥ ಒಂದು ತೆಳುವಾದ ಸಿಹಿ. ಮ್ಯೂನಿಕ್ಕಿನಲ್ಲಿ ಈ ಬಗೆಯನ್ನು ಮೊದಲು ಹೊರತಂದದ್ದು 1894ರಲ್ಲಿ, ಎಂದಳು ಗೆಳತಿ. ಆ ಇಸವಿಯನ್ನು ಕೇಳಿ ನಮಗೆ ನಗು ಬಂತು. ಕಿಟ್ಟೆಲ್ ಮಹಾಶಯರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದೂ 1894ರಲ್ಲಿಯೇ. ಒಬ್ಬ ಜರ್ಮನರು ನಮ್ಮ ಮಾತುಗಳಿಗೆಲ್ಲ ಅರ್ಥ ಬರೆದು ಮುಗಿಸಿದ ವರುಷ, ಅವರ ನಾಡಿನ ಬೇರೆ ಕೆಲವರು ಈ ತಿಳಿಯಾದ ಪಾನೀಯವನ್ನು ಹದಕ್ಕೆ ತರುತ್ತಿದ್ದರು!

ಅಲ್ಲಿನ ಜನ ಬಿಯರಿನ ವಿಷಯದಲ್ಲಿ ಎಂಥ ಶಿಸ್ತಿನವರೆಂಬುದಕ್ಕೆ ಅವಳು ಒಂದು ಹಳೆಯ ಕಟ್ಟಳೆಯನ್ನು ವಿವರಿಸಿದಳು. 1516ರಲ್ಲಿ ಬವೇರಿಯಾದ ಅರಸರು, ಬಿಯರಿಗೆ ಬಾರ್ಲಿ, ಹಾಪ್, ನೀರು ಈ ಮೂರರ ಹೊರತು ಬೇರೇನನ್ನೂ ಬೆರೆಸಕೂಡದೆಂದು ವಿಧಿಸಿದರು. ಮಾರುವ ಬೆಲೆಯನ್ನೂ ಗೊತ್ತುಮಾಡಿದರು. ಹುಳಿ ಬರಿಸುವ ಈಸ್ಟನ್ನು ಆ ಕಟ್ಟಳೆ ಹೆಸರಿಸುವುದಿಲ್ಲ. ಅದು ಜೀವವುಳ್ಳದ್ದೆಂದು ಆ ಕಾಲಕ್ಕೆ ಯಾರೂ ಅರಿತಿರಲಿಲ್ಲ. ಹೆಪ್ಪು ಹಾಕಿದ ಹಾಲು ಏಕೆ ಮೊಸರಾಗುತ್ತದೆಂದು ತಿಳಿಯದೆಯೇ ನಮ್ಮ ಅಜ್ಜಿಯರು ಸೊಗಸಾದ ಮೊಸರು ಮಾಡಲಿಲ್ಲವೆ?

ಎರಡನೆಯದು ಗೋಧಿಯ ಬಿಯರು. ಗೋಧಿಯನ್ನು ರೊಟ್ಟಿಗೆಂದು ಉಳಿಸಬೇಕಾಗಿದ್ದುದರಿಂದ ಇದನ್ನು ಮಾಡುವ ಹಕ್ಕನ್ನು ಬಹುಕಾಲ ಅರಸರೇ ತಮ್ಮ ಕೈಯಲ್ಲಿ ಇಟ್ಟುಕೊಂಡಿದ್ದರಂತೆ. ಗೆಳತಿ ಮುಕ್ಕಾಲು ಸೀಸೆಯನ್ನು ಲೋಟಗಳಿಗೂ ಒಂದು ಪಾತ್ರೆಗೂ ಬಗ್ಗಿಸಿ, ಉಳಿದುದನ್ನು ಮೆಲ್ಲನೆ ತಿರುಗಿಸಿ, ತಳದಲ್ಲಿದ್ದ ಮಡ್ಡಿಯನ್ನೂ ಸೇರಿಸಿದಳು. ಬಣ್ಣ ಮಬ್ಬಾಯಿತು. ಲೋಟವನ್ನು ಮೂಗಿನ ಬಳಿ ತಂದಾಗ ನಾವು ಬೆರಗಾದೆವು: ಬಾಳೆಹಣ್ಣು, ಲವಂಗ! ಅವ್ವನೂ ಮೂಸಿ, "ಗೊನೇಲೇ ಕಳಿತ ನೇಂದ್ರದ ವಾಸ್ನೆ," ಎಂದಳು. ಆದರೆ ಅದರಲ್ಲಿ ಬಾಳೆಯೂ ಇಲ್ಲ, ಲವಂಗವೂ ಇಲ್ಲ. ಆ ಬಗೆಯ ಈಸ್ಟು ಹುಳಿ ಬರಿಸುವಾಗ ತಾನೇ ಈ ಪರಿಮಳಗಳನ್ನು ಹುಟ್ಟಿಸುತ್ತದೆ. ಬಾಳೆಯೂ ಲವಂಗವೂ ಬೆಳೆಯುವ ಅಂಗಳದಲ್ಲಿ ಕುಳಿತು, ಅವೆರಡೂ ಬೆಳೆಯದ ಚಳಿನಾಡಿನ ಸೀಸೆಯಲ್ಲಿ ಅವುಗಳ ವಾಸನೆಯನ್ನು ಕಂಡೆವು. ನಾಲ್ಕರಲ್ಲಿ ನಮ್ಮ ನಾಲಿಗೆ ಮೆಚ್ಚಿದ್ದು ಇದನ್ನೇ. ಒಪ್ಪಿಕೊಳ್ಳಲು ಸಂಕೋಚವಾದರೂ ಸುಳ್ಳು ಹೇಳಲಾರೆವು.

ಇನ್ನೆರಡು ಸೀಸೆಗಳಿರುವಾಗ ಗೆಳತಿ ಅಲ್ಲಿನ ಬಿಯರು ತೋಟಗಳ ವಿಚಾರ ತೆಗೆದಳು. ಸೆಕೆಗಾಲದಲ್ಲಿ ಬಿಯರು ಕೆಡುತ್ತಿದ್ದುದರಿಂದ, 1553ರಲ್ಲಿ ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಅದನ್ನು ಕಾಯಿಸಬಾರದೆಂದು ಆಜ್ಞೆಯಾಯಿತು. ಚಳಿಗಾಲದಲ್ಲಿ ಮಾಡಿದ್ದನ್ನು ನೆಲಮಾಳಿಗೆಯಲ್ಲಿ ಕೂಡಿಡುತ್ತಿದ್ದರು. ಮೇಲೆ ತಂಪಿಗೆಂದು ಚೆಸ್ಟ್‌ನಟ್ ಮರಗಳನ್ನು ಬೆಳೆಸಿದರು. ಆ ನೆರಳಿನಲ್ಲಿ ಬೆಂಚು ಹಾಕಿದ್ದೇ ಬಿಯರು ತೋಟಗಳಿಗೆ ಮೂಲ. ಇಂದಿಗೂ ಜನ ಬುತ್ತಿ ಕಟ್ಟಿಕೊಂಡು, ಹೆಂಡತಿ ಮಕ್ಕಳೊಡನೆ ಬಂದು, ಎಲ್ಲರ ಕಣ್ಣೆದುರಿಗೆ, ಒಂದು ಲೋಟವನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಹರಟುತ್ತಾರೆ.

ಇದನ್ನು ಕೇಳುತ್ತ ನಮ್ಮೊಳಗೆ ಒಂದು ಸಿದ್ಧಾಂತ ಬೆಳೆಯತೊಡಗಿತ್ತು. ಅಪ್ಪ ಅಂಗಡಿಯ ಹಿಂದೆ, ನಿಂತೇ, ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ, ಕಣ್ಣು ಮುಚ್ಚಿ ಒಂದೇ ಉಸಿರಿಗೆ ಸುರಿದುಕೊಂಡು, ಅದರ ರುಚಿ ಬಾಯಲ್ಲಿ ನಿಲ್ಲದಿರಲೆಂದು ಉಪ್ಪಿನಕಾಯಿ ನೆಕ್ಕುತ್ತಿದ್ದುದನ್ನು ನಾವು ಒಮ್ಮೆ ಕಣ್ಣಾರೆ ಕಂಡಿದ್ದೆವು. ಅದು ರುಚಿಯಿಂದ ತಪ್ಪಿಸಿಕೊಳ್ಳುವ ಕುಡಿತ. ಹಾಗಾದರೆ, ರುಚಿ ನೋಡಲು ಬಲ್ಲವನು ಕುಡುಕನಾಗಲಾರ. ಅಪ್ಪನಿಗೆ ಆ ಪಾಠವನ್ನು ಯಾರೂ ಕಲಿಸಲಿಲ್ಲ, ಅಷ್ಟೆ. ಎಷ್ಟು ಅಚ್ಚುಕಟ್ಟಾದ ಸಿದ್ಧಾಂತ!

ಮೂರನೆಯ ಸೀಸೆ ತೆರೆಯಿತು. ಡುಂಕೆಲ್, ಎಂದರೆ ಕಪ್ಪಗಿನದು. ಮೊಳಕೆಯ ಬಾರ್ಲಿಯನ್ನು ಹೆಚ್ಚು ಕಾವಿನಲ್ಲಿ ಒಣಗಿಸುವುದರಿಂದ ಬಂದ ಬಣ್ಣ. ನಮಗೆ ಅದರಲ್ಲಿ ಚೆನ್ನಾಗಿ ಬೆಂದ ರೊಟ್ಟಿಯ ಅಂಚಿನ ರುಚಿ ಕಂಡಿತು. ಅವ್ವ ಲೋಟವನ್ನು ಮೂಗಿಗೆ ಹಿಡಿದವಳು ಕೆಳಗಿಡಲಿಲ್ಲ. ಬಹಳ ಹೊತ್ತಿನ ಮೇಲೆ,

"ನಿಮ್ಮಪ್ಪ ಕಾಫಿ ಹುರೀತಿದ್ದ ವಾಸ್ನೆ," ಎಂದಳು.

ನಮಗೆ ತಿಳಿಯದ ಸಂಗತಿಯೊಂದನ್ನು ಅವ್ವ ಆಗ ಹೇಳಿದಳು. ಅಪ್ಪ ಪ್ರಾಯದಲ್ಲಿ ತೋಟದ ಕಣದ ಕೆಲಸದವರು. ಒಣಹಾಕಿದ ಕಾಫಿಹಣ್ಣನ್ನು ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಅಲುಗಿಸಿ, ಒಳಗಿನ ಬೀಜದ ಗಲಗಲ ಸದ್ದಿನಿಂದಲೇ ಒಣಗಿತೋ ಇಲ್ಲವೋ ಹೇಳುತ್ತಿದ್ದರಂತೆ. ಮನೆಗೆ ಬೇಕಾದ ಬೀಜವನ್ನು ಬೇರೆಯವರಿಗೆ ಹುರಿಯಲು ಬಿಡುತ್ತಿರಲಿಲ್ಲ. ಬಾಣಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಹೊಗೆಯನ್ನು ಮೂಸುತ್ತ, "ಇನ್ನೊಂದು ಚಣ ಬಿಟ್ರೆ ಕಹಿ," ಎಂದು ತಟಕ್ಕನೆ ಇಳಿಸುತ್ತಿದ್ದರು. ನೆರೆಹೊರೆಯವರೂ ತಮ್ಮ ಬೀಜವನ್ನು ತಂದು ಅವರಿಂದಲೇ ಹುರಿಸಿಕೊಂಡು ಹೋಗುತ್ತಿದ್ದರು. ಅದು ನಾವು ಹುಟ್ಟುವ ಮೊದಲಿನ ಮಾತು.

ನಾಲ್ಕನೆಯದು ಬಾಂಬೆರ್ಗ್ ಎಂಬ ಊರಿನ ಹೊಗೆಯ ಬಿಯರು. ಬೀಚ್ ಮರದ ಸೌದೆಯ ಹೊಗೆಯಲ್ಲಿ ಬಾರ್ಲಿಯನ್ನು ಒಣಗಿಸುವ ಹಳೆಯ ಪದ್ಧತಿಯನ್ನು ಆ ಊರಿನವರು ಬಿಡದೆ ಉಳಿಸಿಕೊಂಡಿದ್ದಾರೆ. ಅಟ್ಟದ ಮೇಲೆ ಹೊಗೆಯಾಡಿದ ಒಣಮಾಂಸದ ನೆನಪು ತರುವ ವಾಸನೆ. ಅದರಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ನಾವು ಒಂದು ಗುಟುಕಿಗೇ ಲೋಟವನ್ನು ಸರಿಸಿದೆವು. ಅಪ್ಪ ತಂದ ಖಾಲಿ ಪ್ಯಾಕೆಟ್ಟುಗಳು ಯಾರ ಕಣ್ಣಿಗೂ ಬೀಳದಿರಲೆಂದು ಅವ್ವ ನಸುಕಿನಲ್ಲೇ ಎದ್ದು ಅವನ್ನು ಒಲೆಗೆ ಹಾಕುತ್ತಿದ್ದಳು. ಆ ಪ್ಲಾಸ್ಟಿಕ್ಕಿನ ಹೊಗೆ ಕುಡಿದು ನಾವು ಕೆಮ್ಮುತ್ತ ಏಳುತ್ತಿದ್ದೆವು. ಎಲ್ಲಿಯ ಬೀಚ್ ಸೌದೆ, ಎಲ್ಲಿಯ ಪ್ಲಾಸ್ಟಿಕ್ಕು! ಮೂಗಿಗೆ ಈ ವಿವೇಚನೆಯೆಲ್ಲ ಇಲ್ಲ.

ಆಗ ಅವ್ವ ಗೆಳತಿಯ ಕಡೆ ತಿರುಗಿ, "ಅಲ್ಲಿ ಗಂಡಸ್ರು ಹೆಂಡ್ರಿಗೆ ಹೊಡೆಯಕಿಲ್ವಾ ಕೂಸೇ?" ಎಂದು ಕೇಳಿದಳು.

ಗೆಳತಿ ತುಸು ಹೊತ್ತು ಸುಮ್ಮನಿದ್ದಳು. "ಹೊಡೆಯುವವರು ಅಲ್ಲಿಯೂ ಇದ್ದಾರಮ್ಮಾ," ಎಂದಳು ಕೊನೆಗೆ. "ತೋಟದಲ್ಲಿ ಎಲ್ಲರ ಜೊತೆ ಕೂತು ಕುಡಿಯುವವರು ಕಾಣುತ್ತಾರೆ, ಮನೆಯಲ್ಲಿ ಒಬ್ಬರೇ ಕುಡಿಯುವವರು ಕಾಣುವುದಿಲ್ಲ. ನಾನಿರುವ ವಾರ್ಡಿಗೆ ಯಕೃತ್ತು ಕೆಟ್ಟವರೇ ಹೆಚ್ಚಾಗಿ ಬರುತ್ತಾರೆ. ಯಾವ ಬಿಯರು ಯಾವ ಊರಿನದೆಂದು ವಾಸನೆಯಿಂದಲೇ ಹೇಳಬಲ್ಲವರು. ಕಣ್ಣು ಮಾತ್ರ ಅದೇ ಹಳದಿ."

ನಮ್ಮ ಅಚ್ಚುಕಟ್ಟಾದ ಸಿದ್ಧಾಂತ ಅಲ್ಲಿಗೆ ಮುರಿದುಬಿತ್ತು. ಅದನ್ನು ಮುರಿಯಲು ಮ್ಯೂನಿಕ್ಕಿನ ಸಾಕ್ಷಿಯೂ ಬೇಕಿರಲಿಲ್ಲ. ಬಾಣಲೆಯ ಮುಂದೆ ಕುಳಿತಿದ್ದ ಆ ಮನುಷ್ಯನಿಗಿಂತ ಚೆನ್ನಾಗಿ ರುಚಿಯನ್ನು ಬಲ್ಲವರು ನಮ್ಮ ಕೇರಿಯಲ್ಲಿ ಯಾರಿದ್ದರು? ಆ ಅರಿವು ಅವರನ್ನು ಉಳಿಸಲಿಲ್ಲ. ಕುಡಿತಕ್ಕೆ ಕಾರಣವಾದುದು ಬಡತನವೋ, ದಣಿವೋ, ಇನ್ನಾವುದೋ, ಪಾಠದ ಕೊನೆಯ ಪ್ರಶ್ನೋತ್ತರದಂತೆ ಅದನ್ನು ಒಂದು ವಾಕ್ಯದಲ್ಲಿ ಬರೆಯಲು ಆಗದು. ಆದ್ದರಿಂದ ತರಗತಿಯ ಚಿತ್ರಪಟವನ್ನು ನಾವು ಇಳಿಸಿಲ್ಲ. ಶಪಥವನ್ನೂ ಮರುದಿನದಿಂದಲೇ ಮತ್ತೆ ಹಿಡಿದಿದ್ದೇವೆ.

ಆದರೂ ಆ ಸಂಜೆ ವ್ಯರ್ಥವಾಯಿತೆಂದು ಹೇಳಲಾರೆವು. ಇಪ್ಪತ್ತು ವರ್ಷ ಅಪ್ಪನ ನೆನಪಾದಾಗಲೆಲ್ಲ ಮೊದಲು ಬರುತ್ತಿದ್ದುದು ಆ ಪ್ಯಾಕೆಟ್ಟಿನ ವಾಸನೆ. ಅದರ ಹಿಂದೆ ಭಯ. ಈಗ ಒಮ್ಮೊಮ್ಮೆ ಅದಕ್ಕೂ ಮುಂಚೆ, ಹಿಡಿಯಷ್ಟು ಕಾಫಿಹಣ್ಣನ್ನು ಕಿವಿಯ ಬಳಿ ಅಲುಗಿಸಿ ಆಲಿಸುತ್ತಿರುವ ಒಬ್ಬ ಹುಡುಗ ಕಾಣುತ್ತಾನೆ. ನಾವು ಎಂದೂ ಕಾಣದಿದ್ದವನು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅವ್ವ ನಾಲ್ಕು ಸೀಸೆಗಳನ್ನೂ ಬೂದಿ ಹಾಕಿ ಉಜ್ಜಿ, ತೊಳೆದು, ಅಂಗಳದ ಕಟ್ಟೆಯ ಮೇಲೆ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಬೋರಲು ಹಾಕಿದ್ದಳು. ಹಾಲು ತರುವವನು ಅದೇನೆಂದು ಕೇಳಿದ.

"ಬಿಯರ್ ಸೀಸೆ," ಎಂದಳು ಅವ್ವ. "ಎಣ್ಣೆ ತುಂಬಕೆ ಆಯ್ತದೆ."