ನಶ್ಯದ ಡಬ್ಬಿಯೂ ಮೆದುಳಿನ ಚಿತ್ರವೂ

ಮೂವತ್ತು ವರ್ಷಗಳಿಗೂ ಮೀರಿ ಸಂಸ್ಕೃತವನ್ನು ಪಾಠ ಹೇಳಿದ ನಮಗೆ ಇಂದ್ರಿಯನಿಗ್ರಹವನ್ನು ಕುರಿತು ಉಪದೇಶ ಮಾಡುವುದು ಬಹು ಸುಲಭವಾದ ಕೆಲಸವಾಗಿತ್ತು. ಹತ್ತನೆಯ ತರಗತಿಯ ಹುಡುಗರ ಮುಂದೆ ನಿಂತು, ಇಂದ್ರಿಯಗಳು ಕುದುರೆಗಳೆಂದೂ ಮನಸ್ಸು ಕಡಿವಾಣವೆಂದೂ ವಿವರಿಸುತ್ತ, ನಡುವೆ ಗೋಡೆಯ ಕಡೆಗೆ ತಿರುಗಿ ಒಂದು ಚಿಟಿಕೆ ನಶ್ಯವನ್ನು ಏರಿಸಿ, ಮೂಗನ್ನು ಒರಸಿಕೊಂಡು, ಮತ್ತೆ ಕಡಿವಾಣಕ್ಕೆ ಬರುತ್ತಿದ್ದೆವು. ಇದರಲ್ಲಿ ವಿರೋಧವೇನಾದರೂ ಉಂಟೆಂದು ನಮಗೆ ಬಹುಕಾಲ ಹೊಳೆಯಲೇ ಇಲ್ಲ. ಪಾಠಶಾಲೆಯಲ್ಲಿ ನಮಗೆ ವ್ಯಾಕರಣವನ್ನು ಹೇಳಿದ ಗುರುಗಳು ನಶ್ಯವನ್ನು ಏರಿಸುತ್ತಿದ್ದರು. ಅವರ ಡಬ್ಬಿಯನ್ನು ತುಂಬಿಸಿ ತರುತ್ತಿದ್ದವರು ನಾವು. ಇಪ್ಪತ್ತನೆಯ ವಯಸ್ಸಿಗೆ ವ್ಯಾಕರಣದೊಡನೆ ಅದೂ ನಮಗೆ ಪರಂಪರೆಯಾಗಿ ಬಂದಿತು.

ಒಂದು ವರ್ಷ ಆ ತರಗತಿಯ ಹುಡುಗನೊಬ್ಬನು ಶಾಲೆಯ ಹಿಂದಣ ಹುಣಿಸೆಯ ಮರದಡಿಯಲ್ಲಿ ಸಿಗರೇಟು ಸೇದುತ್ತ ನಮ್ಮ ಕೈಗೆ ಸಿಕ್ಕಿದನು. ಅವನನ್ನು ಎಲ್ಲರ ಎದುರಿಗೆ ನಿಲ್ಲಿಸಿ, ನಿನಗೆ ಮನೋಬಲವೆಂಬುದೇ ಇಲ್ಲ, ನೀನು ಯಾವುದಕ್ಕೂ ಬಾರದವನು ಎಂದು ಹೀನಾಯವಾಗಿ ಬೈದೆವು. ಅವನು ಎದುರಾಡಲಿಲ್ಲ. ನಮ್ಮ ಮುಖವನ್ನು ನೋಡದೆ, ತನ್ನ ಕೈಯಲ್ಲಿದ್ದ ಕಾಪಿ ಪುಸ್ತಕವನ್ನೇ ನೋಡುತ್ತ ನಿಂತಿದ್ದನು. ಅದೇಕೆಂಬುದು ನಮಗೆ ತಿಳಿಯಲು ಇಪ್ಪತ್ತು ವರ್ಷಗಳು ಹಿಡಿದುವು.

ನಿವೃತ್ತರಾದ ಬಳಿಕ ಒಂದು ದಿನ ಮೊಮ್ಮಗಳು ಡಬ್ಬಿಯನ್ನು ತೆರೆದು, ಮುಖಕ್ಕೆಲ್ಲ ಚೆಲ್ಲಿಕೊಂಡು, ಉಸಿರು ಕಟ್ಟುವಂತೆ ಸೀನಿ ಅತ್ತಳು. ಆ ಸಂಜೆಯೇ ಬಿಟ್ಟೆವು. ಬಿಟ್ಟಾಗ ಆದ ಅವಸ್ಥೆಯನ್ನು ಹೇಳಿಕೊಳ್ಳಲು ನಾಚಿಕೆಯಾಗುವುದು. ರಾತ್ರಿ ನಿದ್ರೆಯಿಲ್ಲ, ಹಗಲು ತಲೆನೋವು. ಸಾರಿನಲ್ಲಿ ಉಪ್ಪು ಹೆಚ್ಚೆಂದು ಮನೆಯಾಕೆಯ ಮೇಲೆ ಕೂಗಾಡಿದೆವು. ಇದೆಲ್ಲವನ್ನೂ ತಡೆದುಕೊಳ್ಳಬಹುದಾಗಿತ್ತು. ಆದರೆ ಒಂದು ಬೆಳಿಗ್ಗೆ, ನಾಲ್ವತ್ತು ವರ್ಷಗಳಿಂದ ಬಾಯಿಪಾಠವಾಗಿದ್ದ ಸೂತ್ರಗಳನ್ನು ಹೇಳಿಕೊಳ್ಳುತ್ತಿದ್ದಾಗ ನಡುವೆ ಒಂದು ಕಳಚಿ ಹೋಯಿತು. ಎಷ್ಟು ತಡಕಿದರೂ ಸಿಕ್ಕಲಿಲ್ಲ. ಇದ್ದುದೊಂದೇ ಆಸ್ತಿ, ಅದೂ ಹೋಯಿತೆಂದು ಹೆದರಿದೆವು. ಹತ್ತೊಂಬತ್ತನೆಯ ದಿನ ಅಂಗಡಿಗೆ ಹೋಗಿ ಒಂದು ಚಿಟಿಕೆಯನ್ನು ಏರಿಸಿದೆವು. ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಸೂತ್ರವು ಬಾಯಿಗೆ ಬಂದಿತು. ನಶ್ಯವೇ ನಮ್ಮ ವಿದ್ಯೆಯನ್ನು ಹೊತ್ತು ನಿಂತಿದೆಯೆಂದು ಆಗ ನಿಶ್ಚಯಿಸಿದೆವು. ಮರುವರ್ಷ ಮತ್ತೊಮ್ಮೆ ಬಿಟ್ಟು, ಇಪ್ಪತ್ತನಾಲ್ಕನೆಯ ದಿನ ಮತ್ತೆ ಸೋತೆವು.

ನಮ್ಮ ಸೋದರಳಿಯನು ವೈದ್ಯನು. ಅವನು ನಮ್ಮ ಕಥೆಯನ್ನು ಕೇಳಿ, ನಗದೆ, ಅಮೆರಿಕದಲ್ಲಿ ನಡೆದ ಕೆಲವು ಪರಿಶೋಧನೆಗಳ ವರದಿಗಳನ್ನು ತಂದು ಎರಡು ಸಂಜೆ ಓದಿ ಹೇಳಿದನು. ನಮಗೆ ಅರ್ಥವಾದಷ್ಟನ್ನು ವಾಚಕರ ಮುಂದಿಡುವೆವು.

ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ಒಂದು ದ್ರವ್ಯವಿದೆ. ಗಮನ, ನೆನಪು ಮೊದಲಾದ ಕೆಲಸಗಳಲ್ಲಿ ಅದಕ್ಕೆ ಪಾತ್ರವುಂಟು. ಅದು ಬಂದು ಕೂರುವುದಕ್ಕೆ ನರಕೋಶಗಳ ಮೇಲೆ ಗ್ರಾಹಕಗಳೆಂಬ ಸ್ಥಾನಗಳಿವೆ. ಹೊಗೆಸೊಪ್ಪಿನ ನಿಕೋಟಿನ್ ಆ ಗ್ರಾಹಕಗಳಲ್ಲಿ ಕೆಲವು ಬಗೆಯವುಗಳಲ್ಲಿ ತಾನೇ ಬಂದು ಕೂತು, ಆ ದ್ರವ್ಯದಂತೆಯೇ ಕಾರ್ಯವನ್ನು ನಡೆಸುವುದು. ಕೇಳಿದೊಡನೆ ನಮಗೆ ಸ್ಥಾನಿವದ್ಭಾವವು ನೆನಪಾಯಿತು. ಒಂದರ ಸ್ಥಾನಕ್ಕೆ ಬಂದ ಆದೇಶವು ಸ್ಥಾನಿಯ ಅಧಿಕಾರವನ್ನು ಪಡೆಯುವುದೆಂದು ಪಾಣಿನಿಯು ವಿಧಿಸಿರುವನು. ಹೊಗೆಸೊಪ್ಪಿಗೂ ಆ ವಿಧಿಯು ತಿಳಿದಿರುವುದೆಂದು ನಾವು ಎಣಿಸಿರಲಿಲ್ಲ.

ಈ ಗ್ರಾಹಕಗಳನ್ನು ಬದುಕಿರುವ ಮನುಷ್ಯನ ತಲೆಯೊಳಗೆ ನೋಡುವ ಉಪಾಯವು ಸೊಗಸಾಗಿದೆ. ವಿಕಿರಣವನ್ನು ಸೂಸುವ ಫ್ಲೋರೀನನ್ನಾಗಲಿ ಅಯೊಡೀನನ್ನಾಗಲಿ ಕೂಡಿಸಿದ ಒಂದು ದ್ರವ್ಯವನ್ನು ಅತ್ಯಲ್ಪವಾಗಿ ರಕ್ತಕ್ಕೆ ಸೇರಿಸುವರು. ಅದೂ ಅದೇ ಸ್ಥಾನಗಳನ್ನು ಹುಡುಕಿಕೊಂಡು ಹೋಗತಕ್ಕದ್ದು. ಸ್ಥಾನವು ಬರಿದಾಗಿದ್ದರೆ ಅಲ್ಲಿ ಕೂತು, ಯಂತ್ರದ ಚಿತ್ರದಲ್ಲಿ ಬೆಳಗುವುದು. ನಿಕೋಟಿನ್ ಆಗಲೇ ಕೂತಿದ್ದರೆ ಇದಕ್ಕೆ ಎಡೆಯಿಲ್ಲ, ಚಿತ್ರವು ಮಂಕಾಗುವುದು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರ್ಥರ್ ಬ್ರಾಡಿಯವರೂ ಅವರ ಸಂಗಡಿಗರೂ 2006ರಲ್ಲಿ ಪ್ರಕಟಿಸಿದ ಲೆಕ್ಕವಿದು: ಸಿಗರೇಟಿನ ಒಂದೆರಡು ದಮ್ಮಿಗೇ ಈ ಗ್ರಾಹಕಗಳಲ್ಲಿ ಅರ್ಧದಷ್ಟು ತುಂಬಿ, ಮೂರು ಗಂಟೆಗಳ ಕಾಲ ಹಾಗೆಯೇ ಇದ್ದುವು, ಒಂದು ಸಿಗರೇಟನ್ನು ಪೂರ್ತಿ ಸೇದಿದರೆ ನೂರಕ್ಕೆ 88ಕ್ಕಿಂತಲೂ ಹೆಚ್ಚು ತುಂಬಿ, ಸೇದಬೇಕೆಂಬ ಚಪಲವು ತಗ್ಗಿತು. ದಿನವೆಲ್ಲ ಸೇದುವವನು ಸುಖವನ್ನು ಸಂಪಾದಿಸುವುದಕ್ಕಿಂತ ಹೆಚ್ಚಾಗಿ, ತುಂಬಿದ ಸ್ಥಾನಗಳು ಬರಿದಾಗದಂತೆ ಕಾಯುತ್ತಿರುವನು.

ಇದಕ್ಕಿಂತಲೂ ನಮ್ಮನ್ನು ತಟ್ಟಿದುದು ಯೇಲ್ ವಿಶ್ವವಿದ್ಯಾಲಯದವರ ಕೆಲಸ. ಸೇದುವವರು ಬಿಟ್ಟು ಸುಮಾರು ಒಂದು ವಾರವಾಗಿ, ಇದ್ದಬದ್ದ ನಿಕೋಟಿನ್ ಎಲ್ಲವೂ ಕಳೆದ ಮೇಲೆ ಚಿತ್ರವನ್ನು ತೆಗೆದರೆ, ಅವರಲ್ಲಿ ಈ ಗ್ರಾಹಕಗಳು ಸೇದದವರಲ್ಲಿರುವುದಕ್ಕಿಂತ ಹೆಚ್ಚಾಗಿ ಕಂಡುವೆಂದು ಜೂಲಿ ಸ್ಟೇಲಿಯವರ ಬಳಗವು 2006ರಲ್ಲಿ ತಿಳಿಸಿತು. ಮದುವೆಯ ಮನೆಯಲ್ಲಿ ದಿನವೂ ಕರೆಯದ ಅತಿಥಿಗಳು ಬಂದು ಕೂರುತ್ತಿದ್ದರೆ ಗೃಹಸ್ಥನು ಏನು ಮಾಡುವನು? ಇನ್ನೊಂದು ಪಂಕ್ತಿಗೆ ಎಲೆಯನ್ನು ಹಾಕಿಸುವನು. ಅತಿಥಿಗಳು ಒಮ್ಮೆಲೇ ನಿಂತರೆ ಹಾಕಿದ ಎಲೆಗಳೆಲ್ಲ ಬರಿದಾಗಿ ಬಾಯಿ ತೆರೆದುಕೊಂಡಿರುವುವು. ಅವುಗಳನ್ನು ಎತ್ತುವುದಕ್ಕೆ ಎಷ್ಟು ದಿನ ಬೇಕು? ಕೆಲ್ಲಿ ಕಾಸ್ಗ್ರೋವ್ ಮೊದಲಾದವರು ಬಿಟ್ಟವರ ಚಿತ್ರಗಳನ್ನು ಮತ್ತೆ ಮತ್ತೆ ತೆಗೆದು 2009ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ನಾಲ್ಕನೆಯ ವಾರದಲ್ಲಿಯೂ ಗ್ರಾಹಕಗಳು ಹೆಚ್ಚಾಗಿಯೇ ಇದ್ದುವು. ಆರರಿಂದ ಹನ್ನೆರಡನೆಯ ವಾರದೊಳಗೆ ಸೇದದವರ ಮಟ್ಟಕ್ಕೆ ಇಳಿದುವು.

ಹತ್ತೊಂಬತ್ತು ದಿನ, ಇಪ್ಪತ್ತನಾಲ್ಕು ದಿನ. ಸೋದರಳಿಯನು ಹೋದ ಮೇಲೆ ನಾವು ಕ್ಯಾಲೆಂಡರಿನ ಮುಂದೆ ಬಹಳ ಹೊತ್ತು ನಿಂತಿದ್ದೆವು. ಎರಡು ಸಲವೂ ಎಲೆಗಳನ್ನು ಎತ್ತುವ ಮೊದಲೇ ನಾವು ಊಟಕ್ಕೆ ಕರೆದಿದ್ದೆವು. ನಶ್ಯವು ನಮ್ಮ ವಿದ್ಯೆಯನ್ನು ಹೊತ್ತಿರಲಿಲ್ಲ. ತಾನೇ ಮಾಡಿದ ಕೊರತೆಯನ್ನು ತಾನೇ ತುಂಬಿ, ಉಪಕಾರಿಯೆನಿಸಿಕೊಂಡಿತ್ತು. ಈ ಲೆಕ್ಕಗಳು ಸಿಗರೇಟಿನವರವು, ನಶ್ಯದವರವಲ್ಲ, ಎಂಬುದನ್ನು ಇಲ್ಲಿ ಹೇಳಬೇಕಾದುದು ನ್ಯಾಯ. ಆದರೂ ಎರಡರಲ್ಲಿರುವ ನಿಕೋಟಿನ್ ಒಂದೇ.

ಸೋದರಳಿಯನು ಇನ್ನೊಂದು ವಿಚಿತ್ರವನ್ನೂ ಹೇಳಿದ್ದನು. ಮೆದುಳಿನ ಇನ್ಸುಲಾ ಎಂಬ ಭಾಗಕ್ಕೆ ಘಾತವಾದ ರೋಗಿಗಳಲ್ಲಿ ಕೆಲವರಿಗೆ ಸಿಗರೇಟಿನ ಚಪಲವೇ ಥಟ್ಟನೆ ಅಳಿದು ಹೋದುದನ್ನು ಅಯೊವಾ ವಿಶ್ವವಿದ್ಯಾಲಯದಲ್ಲಿ ಅಭ್ಯಸಿಸಿ 2007ರಲ್ಲಿ ಪ್ರಕಟಿಸಿದರಂತೆ. ಇದನ್ನು ಚಿಕಿತ್ಸೆಯೆಂದು ಯಾರೂ ಬಯಸಲಾರರು. ನಮ್ಮ ಮನೆಯಾಕೆ ಮಾತ್ರ, ಉಪ್ಪಿನ ಜಗಳವನ್ನು ನೆನೆದು, ಅದೇನು ಅಷ್ಟು ದುಬಾರಿಯೋ ಎಂದು ಕೇಳಿದಳು.

ಮೂರನೆಯ ಸಲ ಎಂಬತ್ತನಾಲ್ಕು ದಿನಗಳನ್ನು ಗೋಡೆಯ ಮೇಲೆ ಗುರುತು ಹಾಕಿಕೊಂಡು ಬಿಟ್ಟೆವು. ಸೂತ್ರವು ಈ ಸಲವೂ ಕಳಚಿತು, ಹುಡುಕಲು ಹೋಗಲಿಲ್ಲ. ಐದನೆಯ ವಾರದಲ್ಲಿ ಸ್ನಾನ ಮಾಡುತ್ತಿದ್ದಾಗ ತಾನಾಗಿಯೇ ಬಂದಿತು. ಈಗ ಎರಡು ವರ್ಷಗಳಾದುವು. ಗ್ರಾಹಕಗಳು ಇಳಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ನಾವು ಹೇಳೆವು. ಸಭೆಯಲ್ಲಿ ಪಕ್ಕದವರು ಡಬ್ಬಿಯನ್ನು ತೆರೆದರೆ ನಮ್ಮ ಮೂಗು ಇಂದಿಗೂ ಆ ಕಡೆಗೆ ತಿರುಗುವುದು.

ಕಳೆದ ಕಾರ್ತಿಕದಲ್ಲಿ ಆ ಹುಣಿಸೆಮರದ ಹುಡುಗನು ಹೆಂಡತಿ ಮಕ್ಕಳೊಡನೆ ನಮ್ಮನ್ನು ನೋಡಲು ಬಂದನು. ಕಾಪಿ ಪುಸ್ತಕದ ಸಂಗತಿಯನ್ನು ನಗುತ್ತ ಹೇಳಿದನು. ತಿದ್ದಿದ ಪುಟಗಳ ಅಂಚಿನಲ್ಲೆಲ್ಲ ನಮ್ಮ ಹೆಬ್ಬೆರಳಿನ ಕಂದು ಗುರುತು ಇರುತ್ತಿತ್ತಂತೆ. ಬಳಿಕ ನಗು ನಿಲ್ಲಿಸಿ, “ನಾಲ್ಕು ಸಲ ಬಿಟ್ಟು ನಾಲ್ಕು ಸಲವೂ ಹಿಡಿದೆ, ಸಾರ್. ನೀವು ಅಂದು ಹೇಳಿದ್ದೇ ನಿಜ” ಎಂದನು. ಇಪ್ಪತ್ತು ವರ್ಷ ಅವನು ಆ ಮಾತನ್ನು ಹೊತ್ತುಕೊಂಡಿದ್ದನು. ನಾವು ಅಂದು ಆಡಿದುದು ಸುಳ್ಳೆಂದೂ, ಅದನ್ನಾಡುವಾಗ ಡಬ್ಬಿಯು ನಮ್ಮ ಜೇಬಿನಲ್ಲಿಯೇ ಇದ್ದಿತೆಂದೂ ಅವನ ಹೆಂಡತಿಯ ಎದುರಿಗೇ ಹೇಳಿದೆವು. ಎಲೆಗಳ ಲೆಕ್ಕವನ್ನು ಕಾಗದದ ಮೇಲೆ ಬರೆದು ಕೊಟ್ಟೆವು. ಸರಕಾರದ 1800-11-2356 ಎಂಬ ಉಚಿತ ದೂರವಾಣಿಗೆ ಕೇಳಿಕೊಳ್ಳುವಂತೆಯೂ, ವೈದ್ಯರನ್ನು ಕಾಣುವಂತೆಯೂ ಸೋದರಳಿಯನು ಹೇಳಿದನು. ವೈದ್ಯರು ನಿಕೋಟಿನ್ನಿನ ಗಮ್ಮನ್ನು ಬರೆದುಕೊಟ್ಟರು. ಹೊಗೆಯಿಲ್ಲದೆ ನಿಧಾನವಾಗಿ ಅದೇ ಸ್ಥಾನಕ್ಕೆ ಬರತಕ್ಕದ್ದು, ಕ್ರಮವಾಗಿ ಕಡಮೆ ಮಾಡತಕ್ಕದ್ದು.

ಅವನು ಬಿಟ್ಟ ಇಪ್ಪತ್ತಮೂರನೆಯ ದಿನ, ರಾತ್ರಿ ಒಂಬತ್ತು ಗಂಟೆಗೆ ಕರೆ ಬಂದಿತು. ಅಂಗಡಿಯ ಮುಂದೆ ನಿಂತಿರುವೆನೆಂದನು. ನಾವು ಏನನ್ನೂ ಉಪದೇಶಿಸಲಿಲ್ಲ. ನಾಲ್ಕನೆಯ ವಾರವೆಂದರೆ ಎಲೆಗಳು ಇನ್ನೂ ಹಾಸಿಯೇ ಇರುವುವೆಂದು ನೆನಪು ಮಾಡಿ, ಮಗಳು ಯಾವ ತರಗತಿಯೆಂದು ಕೇಳಿದೆವು. ಸಂಸ್ಕೃತವನ್ನು ತೆಗೆದುಕೊಂಡಿರುವಳಂತೆ, ಶಬ್ದರೂಪಗಳು ಬಾಯಿಗೆ ಬರುವುದಿಲ್ಲವಂತೆ. ಹಾಗಾದರೆ ನೀನೇ ಹೇಳಿಕೊಡು, ನಿನಗೆ ಬರುವುದೋ ನೋಡೋಣ ಎಂದೆವು. ಅವನು ಅಲ್ಲಿಯೇ ನಿಂತು ರಾಮಶಬ್ದವನ್ನು ಆರಂಭಿಸಿದನು. ತೃತೀಯೆಯಲ್ಲಿ ತಪ್ಪಿದನು, ತಿದ್ದಿದೆವು. ಸಪ್ತಮಿಯನ್ನು ಮುಗಿಸುವ ವೇಳೆಗೆ ಅವನು ಮನೆಯ ಮೆಟ್ಟಿಲಿನ ಮೇಲಿದ್ದನು.