ಬಾಣಲೆ ಇಡದ ವರ್ಷ

ಅಪ್ಪ ಹೋಗಿದ್ದು 2023ರ ಜನವರಿಯಲ್ಲಿ. ನಾನಾಗ ಬಿಷ್ಕೆಕ್‌ನಲ್ಲಿ ಎಂಬಿಬಿಎಸ್ ಮೂರನೇ ವರ್ಷ. ಪರೀಕ್ಷೆ ನಡೀತಿತ್ತು, ಹೊರಗೆ ಮೊಣಕಾಲುದ್ದ ಹಿಮ. "ಬರ್ಬ್ಯಾಡವ್ವ, ಪರೀಕ್ಷೆ ಹೋದ್ರೆ ವರ್ಷನೇ ಹೋಗ್ತೈತಿ" ಅಂದಳು ಅಮ್ಮ. ಟಿಕೆಟ್‌ಗೆ ದುಡ್ಡಿಲ್ಲ ಅನ್ನೋದನ್ನ ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅಪ್ಪನ ಮುಖ ಕಡೇ ಸಲ ನೋಡಿದ್ದು ವಿಡಿಯೊ ಕಾಲ್‌ನಲ್ಲಿ.

ಕಿರ್ಗಿಸ್ತಾನದಲ್ಲಿ ಹಬ್ಬಗಳಿಗೆ ಬರವಿಲ್ಲ. ಜನವರಿ 7ಕ್ಕೆ ರಷ್ಯನ್ನರ ಕ್ರಿಸ್‌ಮಸ್, ಮಾರ್ಚ್ 8ಕ್ಕೆ ಮಹಿಳಾ ದಿನ, ಮಾರ್ಚ್ 21ಕ್ಕೆ ನೊರೂಜ್, ಮೇ 9ಕ್ಕೆ ಎರಡನೇ ಮಹಾಯುದ್ಧ ಗೆದ್ದ ದಿನ, ಆಗಸ್ಟ್ 31ಕ್ಕೆ ಸ್ವಾತಂತ್ರ್ಯ ದಿನ. ನಡುವೆ ಚಂದ್ರನ ಲೆಕ್ಕದಲ್ಲಿ ಬರೋ ಒರೊಜೊ ಐತ್, ಕುರ್ಮಾನ್ ಐತ್. ಅಂದ್ರೆ ನಮ್ಮ ರಂಜಾನ್, ಬಕ್ರೀದ್. ಸೋವಿಯತ್ ಕಾಲದ್ದನ್ನೂ ಬಿಟ್ಟಿಲ್ಲ, ಧರ್ಮದ್ದನ್ನೂ ಬಿಟ್ಟಿಲ್ಲ. ಹಾಸ್ಟೆಲ್ ಹುಡುಗರಿಗೆ ಮಾತ್ರ ಎಲ್ಲವೂ ಒಂದೇ, ನಿದ್ದೆ ಮಾಡೋ ದಿನ.

ನಾನಿದ್ದದ್ದು ಬಾಡಿಗೆ ರೂಮಿನಲ್ಲಿ. ಮನೆ ಒಡತಿಯನ್ನು ಎಜೆ ಅಂತಿದ್ದೆ, ಅಲ್ಲಿ ಅಕ್ಕನಿಗೆ ಹಾಗನ್ನೋದು. ಅವರ ಗಂಡ ತೀರಿಕೊಂಡು ಆರು ತಿಂಗಳಾಗಿತ್ತು. ನೊರೂಜ್ ಹಿಂದಿನ ರಾತ್ರಿ ಅಂಗಳದಲ್ಲಿ ದೊಡ್ಡ ಕಡಾಯಿ ಇಟ್ಟು ಸುಮೊಲೊಕ್ ಮಾಡಿದರು. ಮೊಳಕೆ ಬಂದ ಗೋಧಿ, ಹಿಟ್ಟು, ಎಣ್ಣೆ, ನೀರು ಅಷ್ಟೇ. ಸಕ್ಕರೆ ಹಾಕಲ್ಲ, ಸಿಹಿ ಮೊಳಕೆಯದ್ದೇ. ತಳ ಹಿಡೀಬಾರದು ಅಂತ ತೊಳೆದ ಕಲ್ಲು ಹಾಕ್ತಾರೆ. ಅಕ್ಕಪಕ್ಕದ ಹೆಂಗಸರು ಸರದಿ ಮೇಲೆ ರಾತ್ರಿಯಿಡೀ ತಿರುವಬೇಕು. ಬಟ್ಟಲಲ್ಲಿ ಕಲ್ಲು ಸಿಕ್ಕವರು ಏನಾದ್ರೂ ಬೇಡ್ಕೋಬಹುದು. ನನಗೆ ಸಿಗಲಿಲ್ಲ, ಸಿಕ್ಕಿದ್ರೂ ಏನು ಬೇಡ್ಕೋತಿದ್ದೆನೋ!

ಮಾರನೇ ದಿನವೇ ಯುಗಾದಿ. ದಾವಣಗೆರೆಗೆ ಫೋನ್ ಮಾಡಿದೆ. ತೋರಣ ಇಲ್ಲ, ಬೇವು-ಬೆಲ್ಲ ಇಲ್ಲ. ಸಾವಾದ ಮನೇಲಿ ವರ್ಷ ತುಂಬೋವರೆಗೆ ಹಬ್ಬ ಮಾಡಲ್ವಲ್ಲ. ನಮ್ಮಲ್ಲಿ ಹಬ್ಬಕ್ಕೆ ಬಾಣಲೆನೂ ಇಡಲ್ಲ. "ಪಕ್ಕದ ಮನೆಯವರು ಹೋಳಿಗೆ ಕೊಡೋಕೆ ಬಂದು, ಕೊಡಬಹುದೋ ಇಲ್ವೋ ಅಂತ ಬಾಗಿಲಲ್ಲೇ ನಿಂತಿದ್ರು" ಅಂದಳು ಅಮ್ಮ.

ಏಪ್ರಿಲ್ 21ಕ್ಕೆ ಒರೊಜೊ ಐತ್. ಬೆಳಿಗ್ಗೆ ಎದ್ದರೆ ಮನೆ ತುಂಬಾ ಕಾದ ಎಣ್ಣೆ ವಾಸನೆ. ಎಜೆ ಬೋರ್ಸೋಕ್ ಕರೀತಿದ್ದರು. ಹಿಟ್ಟಿನ ಪುಟ್ಟ ತುಂಡುಗಳು, ಎಣ್ಣೆಗೆ ಬಿದ್ದರೆ ಉಬ್ಬುತ್ತವೆ. ನನಗೆ ಎದೆ ಧಸಕ್ ಅಂತು. ಗಂಡ ಸತ್ತು ವರ್ಷ ಆಗಿಲ್ಲ, ಬಾಣಲೆ ಇಟ್ಟಿದ್ದಾರಲ್ಲ! ನನ್ನ ಹರುಕುಮುರುಕು ರಷ್ಯನ್‌ನಲ್ಲಿ ಕೇಳಿಯೇಬಿಟ್ಟೆ.

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ಸತ್ತವರಿಗಾಗಿಯೇ ಕರಿಯೋದು, ಎಣ್ಣೆಯ ವಾಸನೆ ಅವರಿಗೆ ಮುಟ್ಟುತ್ತೆ ಅಂದರು. ಕಿರ್ಗಿಜ್‌ನಲ್ಲಿ ಇದಕ್ಕೆ ಜಿತ್ ಚಿಗರೂ ಅಂತಾರಂತೆ, ವಾಸನೆ ಎಬ್ಬಿಸೋದು. ಅಷ್ಟರಲ್ಲಿ ನೆಂಟರು ಬರೋಕೆ ಶುರುವಾಯ್ತು. ಐತ್ ದಿನ ಆ ವರ್ಷ ಸಾವಾದ ಮನೆಗಳಿಗೆ ಮೊದಲು ಹೋಗ್ತಾರೆ. ಯಾರೂ ಬಾಗಿಲಲ್ಲಿ ನಿಂತು ಅನುಮಾನಿಸಲಿಲ್ಲ. ಕೂತರು, ಹಿರಿಯರೊಬ್ಬರು ಕುರಾನ್ ಓದಿದರು, ಎಲ್ಲರೂ ಅಂಗೈ ಮುಖಕ್ಕೆ ಸವರಿಕೊಂಡು ಚಹಾ ಕುಡಿದರು.

ಅವರೆಲ್ಲ ಹೋದಮೇಲೆ ಎಜೆ ಮತ್ತೆ ಒಲೆ ಹಚ್ಚಿ ಅಪ್ಪನ ಹೆಸರು ಕೇಳಿದರು. ಹೇಳಿದೆ. ಅವರ ಬಾಯಲ್ಲಿ ಅದು ಅಪ್ಪನ ಹೆಸರಿನ ಥರ ಕೇಳಲೇ ಇಲ್ಲ. ಹಿಟ್ಟಿನ ತುಂಡುಗಳನ್ನು ನನ್ನ ಕೈಗೆ ಕೊಟ್ಟರು. ಒಂದೊಂದಾಗಿ ಬಿಟ್ಟೆ. ಜನವರಿಯಿಂದ ಬರದಿದ್ದ ಅಳು ಆಗ ಬಂತು.

ರಾತ್ರಿ ಹೆದರಿಕೊಂಡೇ ಅಮ್ಮನಿಗೆ ಹೇಳಿದೆ, ಬೈತಾಳೆ ಅಂತ. ಸುಮಾರು ಹೊತ್ತು ಮಾತಾಡಲಿಲ್ಲ. ಅಪ್ಪನಿಗೆ ಮಿರ್ಚಿ ಅಂದ್ರೆ ಪ್ರಾಣ, ಕಡೇ ಎರಡು ವರ್ಷ ಡಾಕ್ಟರು ಮುಟ್ಟಬೇಡಿ ಅಂದಿದ್ದರು.

"ಖಾರದ್ದು ಏನೂ ಮಾಡಲ್ವಾ ಅವರು?" ಅಂದಳು.